ಹಲ್ಲಿನ ಪಾಚಿಯಲ್ಲಿ ಕಂಡ ಜೀವಲೋಕ

ಬೆಳಿಗ್ಗೆ ಎದ್ದು ನೀರಿನಿಂದ ಮುಕ್ಕಳಿಸಿದರೆ ಬಾಯಿ ಶುಚಿಯಾಯಿತೆಂದು ನಮ್ಮಲ್ಲಿ ಅನೇಕರು ಭಾವಿಸುತ್ತೇವೆ. ಕಣ್ಣಿಗೆ ಕಾಣದ ಕೊಳೆಯು ಕೊಳೆಯೇ ಅಲ್ಲವೆಂಬುದು ಮನುಷ್ಯನ ಸಹಜ ನಂಬಿಕೆ. ಸುಮಾರು 340 ವರ್ಷಗಳ ಹಿಂದೆ ಈ ನಂಬಿಕೆಯನ್ನು ಅಲುಗಾಡಿಸಿದವನು ವೈದ್ಯನಲ್ಲ, ವಿಶ್ವವಿದ್ಯಾಲಯದ ಪಂಡಿತನೂ ಅಲ್ಲ. ಒಬ್ಬ ಬಟ್ಟೆಯ ವ್ಯಾಪಾರಿ.

ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ 1632ರಲ್ಲಿ ಜನಿಸಿದ ಆಂಟೋನಿ ವಾನ್ ಲೀವನ್‌ಹುಕ್‌ಗೆ ಡಚ್ ಭಾಷೆಯ ಹೊರತು ಬೇರೆ ಭಾಷೆ ಬಾರದು. ಬಿಡುವಿನ ವೇಳೆಯಲ್ಲಿ ಪುಟ್ಟ ಮಸೂರಗಳನ್ನು ತಾನೇ ಸಿದ್ಧಪಡಿಸಿ, ಲೋಹದ ತಗಡುಗಳ ನಡುವೆ ಕೂರಿಸಿ ನೋಡುವುದು ಆತನ ಹವ್ಯಾಸ. ಉಳಿದುಬಂದಿರುವ ಆತನ ಮಸೂರಗಳಲ್ಲಿ ಒಂದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಕಂಡದ್ದನ್ನೆಲ್ಲ ಆತ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರಗಳ ಮೂಲಕ ತಿಳಿಸುತ್ತಿದ್ದನು.

1683ರ ಸೆಪ್ಟೆಂಬರ್‌ನಲ್ಲಿ ಬರೆದ ಪತ್ರವು ಆರೋಗ್ಯದ ದೃಷ್ಟಿಯಿಂದ ಬಹು ಮಹತ್ವದ್ದು. ಲೀವನ್‌ಹುಕ್ ಪ್ರತಿದಿನ ಉಪ್ಪಿನಿಂದ ಹಲ್ಲುಜ್ಜಿ, ಬಟ್ಟೆಯಿಂದ ತಿಕ್ಕಿಕೊಳ್ಳುವವನು. ಆದರೂ ಹಲ್ಲುಗಳ ಸಂದಿಯಲ್ಲಿ ಬಿಳಿಯ ಪಾಚಿ ಉಳಿದಿತ್ತು. ಅದನ್ನು ಮಳೆನೀರಿನಲ್ಲಿ ಕದಡಿ ನೋಡಿದಾಗ ಕಂಡದ್ದು ಕೊಳೆಯಲ್ಲ, ಜೀವಿಗಳು! ಕೆಲವು ನೇರವಾಗಿ ಧಾವಿಸುತ್ತಿದ್ದವು, ಕೆಲವು ಬುಗುರಿಯಂತೆ ತಿರುಗುತ್ತಿದ್ದವು. ಬ್ಯಾಕ್ಟೀರಿಯಾಗಳ ಆಕಾರಗಳನ್ನು ಚಿತ್ರದಲ್ಲಿ ಮೂಡಿಸಿದ ಮೊದಲಿಗರಲ್ಲಿ ಆತ ಒಬ್ಬನು.

ಮುಂದಿನ ಪ್ರಯೋಗ ಇನ್ನೂ ಬೋಧಪ್ರದವಾದುದು. ವಿನೆಗರ್‌ನಿಂದ ಬಾಯಿ ಮುಕ್ಕಳಿಸಿದ ಮೇಲೂ ಪಾಚಿಯೊಳಗಿನ ಜೀವಿಗಳು ಬದುಕಿಯೇ ಇದ್ದವು. ಅದೇ ವಿನೆಗರನ್ನು, ಪಾಚಿಯನ್ನು ಕದಡಿದ ನೀರಿಗೆ ಬೆರೆಸಿದೊಡನೆ ಅವು ಸತ್ತವು. ವಿನೆಗರ್ ಪಾಚಿಯ ಹೊರಮೈಯನ್ನಷ್ಟೇ ಮುಟ್ಟಿತು, ಒಳಕ್ಕೆ ಇಳಿಯಲಿಲ್ಲವೆಂದು ಆತ ತೀರ್ಮಾನಿಸಿದನು.

ಆ ತೀರ್ಮಾನ ಇಂದಿಗೂ ಸಲ್ಲುತ್ತದೆ. ಬ್ಯಾಕ್ಟೀರಿಯಾಗಳು ಹಲ್ಲಿನ ಮೇಲೆ ಬಿಡಿಬಿಡಿಯಾಗಿ ಇರುವುದಿಲ್ಲ. ತಾವೇ ಸ್ರವಿಸಿದ ಅಂಟಿನೊಳಗೆ ಪದರಪದರವಾಗಿ ನೆಲೆಸುತ್ತವೆ. ವಿಜ್ಞಾನಿಗಳು ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ಈ ಪದರದಲ್ಲಿರುವ ಕೆಲವು ಜೀವಿಗಳು ನಾವು ತಿಂದ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸಿ ಹಲ್ಲನ್ನು ಕೊರೆಯುತ್ತವೆ. ಪದರವು ಅಲ್ಲಿಯೇ ಉಳಿದರೆ ಗಟ್ಟಿಯಾಗಿ ವಸಡಿಗೂ ಬಾಧೆ ತರುತ್ತದೆ. ಮುಕ್ಕಳಿಸುವ ದ್ರವವು ಎಷ್ಟೇ ಘಮಘಮಿಸಲಿ, ಪದರವನ್ನು ಉಜ್ಜಿ ಒಡೆಯದೆ ಗತ್ಯಂತರವಿಲ್ಲ.

ಈ ಜೀವಲೋಕವನ್ನು ಇಂದು ಆಸಕ್ತರಾದ ಯಾರು ಬೇಕಾದರೂ ನೋಡಬಹುದು. ಹಲ್ಲಿನ ಸಂದಿಯಿಂದ ಕಡ್ಡಿಯ ತುದಿಯಲ್ಲಿ ತೆಗೆದ ಪಾಚಿಯನ್ನು ಗಾಜಿನ ಪಟ್ಟಿಯ ಮೇಲೆ, ಕುದಿಸಿ ಆರಿಸಿದ ಒಂದು ಹನಿ ನೀರಿನಲ್ಲಿ ಕದಡಿ, ಶಾಲೆಯ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿದರೆ ಸಾಕು. ಕಾಳಿನಂಥವು, ಕಡ್ಡಿಯಂಥವು, ದಾರದಂಥವು, ಸುರುಳಿಯಂಥವು ಕಾಣಿಸಿಕೊಳ್ಳುತ್ತವೆ. ಕೆಲವು ಮಣಿಸರದಂತೆ, ಕೆಲವು ದ್ರಾಕ್ಷಿಗೊಂಚಲಿನಂತೆ ಕೂಡಿರುತ್ತವೆ. ಮಿಡುಕುವುದೆಲ್ಲವೂ ಜೀವಿಯಲ್ಲ, ನೀರಿನ ಅಣುಗಳ ಬಡಿತಕ್ಕೆ ನಿರ್ಜೀವ ಕಣವೂ ನಡುಗುತ್ತದೆ. ಒಂದೆಡೆಯಿಂದ ಇನ್ನೊಂದೆಡೆಗೆ ಈಜಿ ಹೋಗುವುದನ್ನು ಮಾತ್ರ ಚಲಿಸುವ ಜೀವಿಯೆಂದು ತಿಳಿಯಬೇಕು.

ಆದರೆ ಆಕಾರವನ್ನು ನೋಡಿ ರೋಗವನ್ನು ನಿರ್ಣಯಿಸುವುದು ಸಲ್ಲದು. ಹಾಲನ್ನು ಹೆಪ್ಪುಗಟ್ಟಿಸುವ ಉಪಕಾರಿ ಬ್ಯಾಕ್ಟೀರಿಯಾದಲ್ಲಿಯೂ, ಗಂಟಲುಬೇನೆ ತರುವ ಬ್ಯಾಕ್ಟೀರಿಯಾದಲ್ಲಿಯೂ ಸರದ ರೂಪವುಂಟು. ಮನೆಯಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸುವ ಸಾಹಸವೂ ಬೇಡ. ಅವರವರ ಪಾಚಿಯನ್ನು ಅವರವರೇ ನೋಡಲಿ. ಬಳಿಕ ಕಡ್ಡಿಯನ್ನು ಎಸೆದು ಸಾಬೂನಿನಿಂದ ಕೈ ತೊಳೆಯಲಿ.

ದಿನಕ್ಕೆ ಎರಡು ಬಾರಿ, ಅದರಲ್ಲೂ ರಾತ್ರಿ ಮಲಗುವ ಮುನ್ನ ತಪ್ಪದೆ, ಫ್ಲೋರೈಡ್ ಇರುವ ಪೇಸ್ಟಿನಿಂದ ಎರಡು ನಿಮಿಷ ಮೃದುವಾಗಿ ಹಲ್ಲುಜ್ಜೋಣ. ಸಂದಿಗಳನ್ನು ದಾರದಿಂದ ಶುಚಿಗೊಳಿಸೋಣ. ಸಿಹಿಯನ್ನು ಪದೇ ಪದೇ ಮೆಲ್ಲುವ ರೂಢಿಯನ್ನು ಬಿಡೋಣ. ವಸಡಿನಲ್ಲಿ ರಕ್ತ ಒಸರುತ್ತಿದ್ದರೆ, ವಿಶೇಷವಾಗಿ ಮಧುಮೇಹವುಳ್ಳವರು, ದಂತವೈದ್ಯರನ್ನು ಕಾಣಲು ತಡಮಾಡಬಾರದು. ಹಲ್ಲುಜ್ಜಲು ಮುನಿಸಿಕೊಳ್ಳುವ ಮಕ್ಕಳಿಗೆ ಒಮ್ಮೆ ಸೂಕ್ಷ್ಮದರ್ಶಕದಲ್ಲಿ ಅವರದೇ ಬಾಯಿಯ ಲೋಕವನ್ನು ತೋರಿಸಿರಿ. ಹತ್ತು ಉಪದೇಶಗಳಿಗಿಂತ ಆ ಒಂದು ನೋಟ ಹೆಚ್ಚು ಪರಿಣಾಮಕಾರಿಯಾದೀತು.