ದೂರದ ಬೆಟ್ಟವೂ ಪಕ್ಕದ ಕಂಪನಿಯ ಕ್ಯಾಮೆರಾವೂ

ಮನೆಯ ಕ್ಯಾಮೆರಾ ಎಂದರೆ ಯಜಮಾನರದೋ ಮಗನದೋ ಸ್ವತ್ತು, ನಾವು ಎದುರಿಗೆ ನಿಂತು ನಗುವವರು ಮಾತ್ರ ಎನ್ನುವ ಕಾಲ ಹೋಯಿತು. ಇಂದು ಎಷ್ಟೋ ಗೃಹಿಣಿಯರು ಹಾಲು ಕಾಯಿಸುವ ಹೊತ್ತಿಗೆ ಮೊದಲೇ ಎದ್ದು ಕೆರೆಯ ಮೇಲಿನ ಮಂಜನ್ನೋ, ಗದ್ದೆಯ ಬದುವಿನ ತೆಂಗಿನ ಸಾಲನ್ನೋ ಚಿತ್ರದಲ್ಲಿ ಹಿಡಿಯುತ್ತಿದ್ದಾರೆ. ಹವ್ಯಾಸ ಬೆಳೆದಂತೆ ಒಂದು ಚಿಂತೆಯೂ ಜೊತೆಗೇ ಬೆಳೆಯುತ್ತದೆ. “ನನ್ನ ಹತ್ತಿರ ಇರೋದು ನಿಕಾನ್. ಸೋನಿಯಲ್ಲಿ ಬೆಟ್ಟಗುಡ್ಡ ಇನ್ನೂ ಚೆನ್ನಾಗಿ ಬರುತ್ತಂತೆ. ಬದಲಾಯಿಸಿಬಿಡಲೇ?”

ಪ್ರಶ್ನೆ ಸಣ್ಣದಲ್ಲ. ಚೀಟಿ ಹಾಕಿ ಎತ್ತಿದ್ದೋ, ಹೊಲಿಗೆಯಿಂದ ಬಂದದ್ದೋ, ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟದ್ದೋ, ನಿಮ್ಮದೇ ಎಂದು ಹೇಳಿಕೊಳ್ಳುವ ಹಣ ಅದು. ಲೆಕ್ಕ ತಪ್ಪಿದರೆ ಮುಂದಿನ ಸಲ “ನಿನ್ನ ಹುಚ್ಚಿಗೆ ಇನ್ನೆಷ್ಟು ಸುರಿಯೋದೇ?” ಎಂಬ ಮಾತು ಕೇಳಬೇಕಾಗುತ್ತದೆ. ಹಣದ ಜೊತೆಗೆ ಹವ್ಯಾಸವೂ ಮೂಲೆ ಸೇರುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಕೂತು ಸ್ವಲ್ಪ ಲೆಕ್ಕ ಹಾಕೋಣ.

ಮಿಕ್ಸಿ ಜಾರಿನ ಲೆಕ್ಕ

ಒಂದು ಕಂಪನಿಯ ಜಾರು ಇನ್ನೊಂದು ಕಂಪನಿಯ ಮಿಕ್ಸಿಗೆ ಕೂರುವುದಿಲ್ಲ, ಅಲ್ಲವೇ? ಕ್ಯಾಮೆರಾದ ಕಥೆಯೂ ಇದೇ. ಲೆನ್ಸು ಕ್ಯಾಮೆರಾಕ್ಕೆ ಕೂಡುವ ಬಾಯಿಗೆ ‘ಮೌಂಟ್’ ಎನ್ನುತ್ತಾರೆ. ನಿಕಾನ್ ತನ್ನ ಎಫ್ ಮೌಂಟನ್ನು 1959ರಲ್ಲೂ ಕ್ಯಾನನ್ ತನ್ನ ಇ.ಎಫ್. ಮೌಂಟನ್ನು 1987ರಲ್ಲೂ ತಂದವು. ಸೋನಿಯ ಇ ಮೌಂಟ್ ಬಂದದ್ದು 2010ರಲ್ಲಿ, ಫ್ಯೂಜಿಫಿಲ್ಮ್‌ನ ಎಕ್ಸ್ ಮೌಂಟ್ 2012ರಲ್ಲಿ. ಒಂದರ ಬಾಯಿ ಇನ್ನೊಂದರದಂತಿಲ್ಲ.

ಹಾಗಾಗಿ ಕಂಪನಿ ಬದಲಾಯಿಸುವುದೆಂದರೆ ಕ್ಯಾಮೆರಾ ಒಂದನ್ನು ಬದಲಾಯಿಸಿದಂತಲ್ಲ. ವಿಶಾಲ ನೋಟದ ಲೆನ್ಸು, ದೂರದ್ದನ್ನು ಹತ್ತಿರ ಎಳೆಯುವ ಲೆನ್ಸು, ಹೆಚ್ಚಿನ ಬ್ಯಾಟರಿ, ಚಾರ್ಜರು ಎಲ್ಲವೂ ಹೊಸದಾಗಬೇಕು. ಹಳೆಯದನ್ನು ಮಾರಹೋದರೆ ಕೊಟ್ಟ ಬೆಲೆ ಹುಟ್ಟುವುದಿಲ್ಲ. ಟ್ರೈಪಾಡು ಮಾತ್ರ ಉಳಿಯುತ್ತದೆ. ಫಿಲ್ಟರು ಲೆನ್ಸಿಗಿಂತ ದೊಡ್ಡದಿದ್ದರೆ ಒಂದು ಅಗ್ಗದ ಉಂಗುರ ಹಾಕಿ ಹೊಸ ಲೆನ್ಸಿಗೂ ಕೂಡಿಸಬಹುದು. ಈ ಪಟ್ಟಿಯನ್ನು ಕಾಗದದ ಮೇಲೆ ಬರೆದು ಕೂಡಿಸಿ ನೋಡಿ. ಬೇಳೆಗಿಂತ ಒಗ್ಗರಣೆಯ ಖರ್ಚೇ ಹೆಚ್ಚಾದೀತು!

ಇನ್ನೊಂದು ದಾರಿಯೂ ಇದೆ. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಎರಡೂ ಒಳಗಿನ ಕನ್ನಡಿ ತೆಗೆದುಹಾಕಿದ ‘ಮಿರರ್‌ಲೆಸ್’ ಕ್ಯಾಮೆರಾಗಳಿಗೆಂದು ಹೊಸ ಮೌಂಟ್ ತಂದವು. ಕನ್ನಡಿ ಹೋದದ್ದರಿಂದ ಲೆನ್ಸು ಕೂಡುವ ಜಾಗ ಒಳಕ್ಕೆ ಸರಿಯಿತು. ನಿಕಾನ್‌ನಲ್ಲಿ ಮೊದಲು 46.5 ಮಿಲಿಮೀಟರ್ ಇದ್ದ ಅಂತರ 16ಕ್ಕೆ ಇಳಿಯಿತು. ಆ ಖಾಲಿ ಜಾಗದಲ್ಲಿ ‘ಅಡಾಪ್ಟರ್’ ಎಂಬ ಬಳೆ ಹಾಕಿ, ಅದೇ ಕಂಪನಿಯ ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಕೂಡಿಸಬಹುದು. ಬದಲಾಯಿಸಲೇಬೇಕಿದ್ದರೆ ತವರು ಬಿಡದೆ ಹೊಸ ಮನೆ ಸೇರುವ ಈ ದಾರಿಯನ್ನೇ ಮೊದಲು ನೋಡಿ.

ನಿಕಾನ್‌ನ ಕೆಲವು ಹಳೆಯ ಲೆನ್ಸುಗಳಲ್ಲಿ ಮೋಟಾರಿಲ್ಲ. ಅವು ಕಂಪನಿಯ ಎಫ್.ಟಿ.ಜೆಡ್. ಬಳೆಯ ಮೇಲೆ ತಾವಾಗಿ ಫೋಕಸ್ ಆಗುವುದಿಲ್ಲ, ಕೈಯಿಂದಲೇ ತಿರುಗಿಸಬೇಕು. “ಅಯ್ಯೋ, ಹಾಗಾದರೆ ದಂಡವೇ?” ಎನ್ನಬೇಡಿ.

ಬೆಟ್ಟ ಓಡಿಹೋಗುವುದಿಲ್ಲ

ಅಂಗಡಿಯವರು ಹೊಗಳುವುದೆಲ್ಲ ವೇಗವನ್ನೇ. ಕಣ್ಣು ಮಿಟುಕಿಸುವುದರಲ್ಲಿ ಫೋಕಸ್, ಸೆಕೆಂಡಿಗೆ 20 ಚಿತ್ರ! ಹಾರುವ ಹಕ್ಕಿಗೆ, ಓಡುವ ಮಗುವಿಗೆ ಅದು ಬೇಕು. ಮುಳ್ಳಯ್ಯನಗಿರಿ ಎಲ್ಲಿಗೆ ಓಡುತ್ತದೆ ಹೇಳಿ? ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಕೂರಿಸಿ, ನಿಧಾನವಾಗಿ ಕೈಯಿಂದ ಫೋಕಸ್ ಮಾಡಿದರೂ ನಷ್ಟವಿಲ್ಲ.

“ಹೆಚ್ಚು ಮೆಗಾಪಿಕ್ಸೆಲ್ ಬೇಡವೇ?” ಎಂದು ಕೇಳಬಹುದು. 24 ಮೆಗಾಪಿಕ್ಸೆಲ್ ಚಿತ್ರದಲ್ಲಿ ಉದ್ದಕ್ಕೆ 6000, ಅಗಲಕ್ಕೆ 4000 ಚುಕ್ಕೆಗಳಿರುತ್ತವೆ. ಅಂಗುಲಕ್ಕೆ 300ರಂತೆ ಅಚ್ಚು ಹಾಕಿದರೆ 20 ಅಂಗುಲ ಉದ್ದ, 13 ಅಂಗುಲ ಅಗಲದ ಸ್ಪಷ್ಟ ಚಿತ್ರವಾಗುತ್ತದೆ. ನಡುಮನೆಯ ಗೋಡೆಗೆ ಇದು ಧಾರಾಳ.

ಚಿತ್ರ ಮಂಕಾಗಿದ್ದರೆ ಕಂಪನಿಯನ್ನು ದೂರುವ ಮೊದಲು ಇವುಗಳನ್ನು ಮಾಡಿ ನೋಡಿ:

* ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ಜಾಗದಲ್ಲಿರಿ. ಮಧ್ಯಾಹ್ನದ ಬಿಸಿಲಿನಲ್ಲಿ ಯಾವ ಕ್ಯಾಮೆರಾಕ್ಕೂ ಬೆಟ್ಟ ಚೆಲುವಾಗಿ ಕಾಣದು.
* ಟ್ರೈಪಾಡ್ ಬಳಸಿ, ಐ.ಎಸ್.ಓ. 100ಕ್ಕೆ ಇಡಿ. ಗುಂಡಿ ಒತ್ತುವಾಗಿನ ಅಲುಗಾಟ ತಪ್ಪಿಸಲು 2 ಸೆಕೆಂಡಿನ ಟೈಮರ್ ಹಾಕಿ.
* ಅಪರ್ಚರ್ ಎಫ್ 8ರಿಂದ 11ರ ನಡುವೆ ಇರಲಿ. 22ಕ್ಕೆ ಹೋದರೆ ಬೆಳಕು ಸಣ್ಣ ಕಿಂಡಿಯಲ್ಲಿ ಹಾಯುವಾಗ ಚದುರಿ ಚಿತ್ರ ಮೆತ್ತಗಾಗುತ್ತದೆ.
* ಪೋಲರೈಸರ್ ಫಿಲ್ಟರ್ ಒಂದನ್ನು ಕೊಳ್ಳಿ. ಒದ್ದೆ ಎಲೆಯ, ನೀರಿನ ಹೊಳಪನ್ನು ತಗ್ಗಿಸಿ ಹಸಿರಿನ ನಿಜ ಬಣ್ಣ ಕೊಡುತ್ತದೆ.

ಇಷ್ಟು ಮಾಡದೆ ಕ್ಯಾಮೆರಾ ಬದಲಾಯಿಸಿದರೆ ‘ಕುಣಿಯಲಾರದವಳು ನೆಲ ಡೊಂಕು ಅಂದಳು’ ಎಂಬ ಗಾದೆಯೇ ಸರಿ.

ಕೈಗೆ ಪಳಗಿದ್ದರ ಬೆಲೆ

ಅಮೆರಿಕದ ಆನ್ಸೆಲ್ ಆಡಮ್ಸ್ ನಿಸರ್ಗ ಛಾಯಾಗ್ರಹಣದಲ್ಲಿ ದೊಡ್ಡ ಹೆಸರು. 1941ರ ಒಂದು ಸಂಜೆ ನ್ಯೂ ಮೆಕ್ಸಿಕೊದ ಹರ್ನಾಂಡಿಸ್ ಎಂಬ ಊರಿನ ಮೇಲೆ ಚಂದ್ರ ಏಳುತ್ತಿದ್ದುದನ್ನು ಕಂಡು ಕಾರು ನಿಲ್ಲಿಸಿದರು. ಬೆಳಕು ಅಳೆಯುವ ಮೀಟರು ಕೈಗೆ ಸಿಗಲಿಲ್ಲ. ಚಂದ್ರನ ಬೆಳಕು ಎಷ್ಟೆಂಬುದು ಬಾಯಿಪಾಠವಾಗಿದ್ದರಿಂದ ಮನಸ್ಸಿನಲ್ಲೇ ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಸಿದ್ಧರಾಗುವಷ್ಟರಲ್ಲಿ ಬೆಳಕು ಸರಿದುಹೋಗಿತ್ತು. ಆ ಒಂದೇ ಚಿತ್ರ ಲೋಕಪ್ರಸಿದ್ಧವಾಯಿತು.

ಹೊಸ ಕಂಪನಿಗೆ ಹೋದರೆ ಈ ಪಳಗುವಿಕೆಯನ್ನು ಮೊದಲಿನಿಂದ ಗಳಿಸಬೇಕು. ನಿಕಾನ್ ಲೆನ್ಸನ್ನು ತಿರುಗಿಸಿ ಕೂಡಿಸುವ ದಿಕ್ಕು ಒಂದಾದರೆ ಕ್ಯಾನನ್‌ನದು ಅದಕ್ಕೆ ತದ್ವಿರುದ್ಧ! ಹೊಸ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಹುಡುಕುವ ಪಾಡು ಇದು.

ಬದಲಾಯಿಸಲು ನ್ಯಾಯವಾದ ಕಾರಣ

ಹಾಗೆಂದು ಬದಲಾಯಿಸಲೇಬಾರದು ಎಂದಲ್ಲ. ಭಾರ ಹೊತ್ತು ಗುಡ್ಡ ಹತ್ತಲು ಮಂಡಿ, ಸೊಂಟ ಒಪ್ಪದಿದ್ದರೆ ಹಗುರವಾದದ್ದು ಬೇಕೇ ಬೇಕು. ಮನೆಯಲ್ಲೇ ಉಳಿಯುವ ಕ್ಯಾಮೆರಾಕ್ಕಿಂತ ಜೊತೆಗೆ ಬರುವ ಕ್ಯಾಮೆರಾ ಲೇಸು. ನಿಮಗೆ ಬೇಕಾದ ವಿಶಾಲ ಲೆನ್ಸು ನಿಮ್ಮ ಮೌಂಟಿನಲ್ಲಿ ಸಿಗದಿದ್ದರೆ, ಕ್ಯಾಮೆರಾ ರಿಪೇರಿಗೆ ಬಿಡಿಭಾಗ ದೊರೆಯದಿದ್ದರೆ ಅದೂ ಸರಿಯಾದ ಕಾರಣವೇ. ಇರುವುದು ಒಂದೇ ಸಾಧಾರಣ ಲೆನ್ಸಾದರೆ ಕಳೆದುಕೊಳ್ಳುವುದೂ ಕಡಿಮೆ. ಬದಲಾಯಿಸುವವರಿಗೆ ಅದೇ ಸುಲಭದ ಕಾಲ.

ಮಲೆನಾಡಿನ, ಕರಾವಳಿಯ ಸೋದರಿಯರು ಒಂದನ್ನು ನೆನಪಿಡಬೇಕು. ಮಳೆಗಾಲದ ತೇವಕ್ಕೆ ಯಾವ ಕಂಪನಿಯ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದನ್ನು ಮಾರಲು ಹೋದರೆ ಬೆಲೆಯೂ ಬಿದ್ದುಹೋಗುತ್ತದೆ. ಚರ್ಮದ ಚೀಲದಲ್ಲಿ ಮುಚ್ಚಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಹರಳಿನ ಬಣ್ಣ ತಿರುಗಿದಾಗ ಅಡುಗೆಗೆ ಬಳಸದ ಪಾತ್ರೆಯಲ್ಲಿ ಕಾಯಿಸಿ ಒಣಗಿಸಿದರೆ ಮತ್ತೆ ಬಳಸಬಹುದು.

ಕೊಳ್ಳುವ ಮುಂಚೆ ಒಂದು ಪರೀಕ್ಷೆ

ಬೆಂಗಳೂರಿನಂಥ ಊರುಗಳಲ್ಲಿ ಕ್ಯಾಮೆರಾ ದಿನದ ಬಾಡಿಗೆಗೆ ಸಿಗುತ್ತದೆ. ನೆಂಟರಿಷ್ಟರ ಹತ್ತಿರವಿದ್ದರೆ ಇನ್ನೂ ಒಳ್ಳೆಯದು. ಒಂದೇ ಬೆಳಗ್ಗೆ, ಒಂದೇ ಜಾಗದಲ್ಲಿ, ಒಂದೇ ಟ್ರೈಪಾಡಿನ ಮೇಲೆ ನಿಮ್ಮದರಿಂದಲೂ ಹೊಸದರಿಂದಲೂ ಚಿತ್ರ ತೆಗೆಯಿರಿ. ಎರಡನ್ನೂ ಒಂದೇ ಅಳತೆಗೆ ಅಚ್ಚು ಹಾಕಿಸಿ, ಹೆಸರು ಹೇಳದೆ ಮನೆಮಂದಿಯ ಮುಂದಿಡಿ. ಯಾರಿಗೂ ಗುರುತು ಹತ್ತದಿದ್ದರೆ ನಿಮ್ಮ ಹಣ ಉಳಿಯಿತು. ಅದರಲ್ಲಿ ಕುದುರೆಮುಖಕ್ಕೋ ಜೋಗಕ್ಕೋ ಹೋಗಿಬನ್ನಿ, ಚಿತ್ರ ತಾನೇ ಸುಧಾರಿಸುತ್ತದೆ.

ವ್ಯತ್ಯಾಸ ಎದ್ದು ಕಂಡಿತೇ? “ಈ ಚಿತ್ರ ನನ್ನ ಹಳೆಯದರಲ್ಲಿ ಬರುವುದಿಲ್ಲ, ಇಂಥ ಕಾರಣಕ್ಕೆ ಬರುವುದಿಲ್ಲ” ಎಂದು ನೀವೇ ಬಾಯಿಬಿಟ್ಟು ಹೇಳಬಲ್ಲಿರಾ? ಹಾಗಾದರೆ ಅಳುಕದೆ ಕೊಳ್ಳಿ. ಮಕ್ಕಳ ಫೀಸು, ಮನೆಯ ಸಾಮಾನು ಎಂದು ವರ್ಷಗಟ್ಟಲೆ ಲೆಕ್ಕ ಹಾಕಿದ ಕೈ, ತನಗಾಗಿ ಒಂದು ಸಲ ಲೆಕ್ಕ ಹಾಕಿಯೇ ಖರ್ಚು ಮಾಡಿದರೆ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.