ಮೊಬೈಲಿನಲ್ಲಿ ಮನೆಮಾತು: ಸೇಲಂ–ಧರ್ಮಪುರಿ ಕನ್ನಡ ಯುವಜನರ ಬರಹ

ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಬೆಳೆಯುವ ಬಹುಪಾಲು ಯುವಜನರಿಗೆ ಕನ್ನಡವೆಂದರೆ ಆಡುಮಾತು. ಅಜ್ಜಿಯೊಡನೆ, ಮಗ್ಗದ ಬಳಿ, ಮದುವೆಮನೆಯಲ್ಲಿ ಕನ್ನಡ; ಶಾಲೆ, ಸಿನಿಮಾ, ಗೆಳೆತನಗಳಲ್ಲಿ ತಮಿಳು. ಕನ್ನಡದಲ್ಲಿ ಬರೆಯುವ ಸಂದರ್ಭವೇ ಒದಗದಿದ್ದಾಗ ಲಿಪಿಯ ಕೊರತೆ ಕಾಡಲಿಲ್ಲ. ವಾಟ್ಸ್‌ಆ್ಯಪ್ ಬಂದ ಮೇಲೆ ಆಡುವ ಮಾತನ್ನೇ ಬರೆಯಬೇಕಾಯಿತು. ಮನೆಮಾತು ಅಕ್ಷರಕ್ಕಿಳಿಯಿತು, ಆದರೆ ಇಳಿದದ್ದು ತಮಿಳು ಅಥವಾ ರೋಮನ್ ಅಕ್ಷರಕ್ಕೆ.

ಇದಕ್ಕೆ ಆಡಳಿತದ ಚರಿತ್ರೆಯೂ ಸ್ವಲ್ಪಮಟ್ಟಿಗೆ ಕಾರಣ. 1965ರಲ್ಲಿ ಸೇಲಂನಿಂದ ಧರ್ಮಪುರಿಯೂ 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿಯೂ ಬೇರ್ಪಟ್ಟವು. ಕನ್ನಡ ಶಾಲೆಗಳ ನೆಲೆಯಾದ ಹೊಸೂರು ಸೀಮೆ ಕೃಷ್ಣಗಿರಿಗೆ ಸೇರಿತು. ಉಳಿದೆಡೆ, ವಿಶೇಷವಾಗಿ ಸೇಲಂನ ದೇವಾಂಗ ನೇಕಾರರಲ್ಲಿ, ಭಾಷೆಯನ್ನು ಉಳಿಸಿದ್ದು ಮನೆ, ಕಸುಬು ಹಾಗೂ ಕುಲದೇವತೆ ಚೌಡೇಶ್ವರಿ. ಹಬ್ಬದಲ್ಲಿ ವೀರಕುಮಾರರಾಗಿ ಅಲಗು ಹಿಡಿಯುವ ತರುಣರ ವಿಡಿಯೊಗಳು ಇಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ.

ಎರವಲು ಲಿಪಿ ಭಾಷೆಯ ಧ್ವನಿಗಳನ್ನು ಪೂರ್ತಿಯಾಗಿ ಹಿಡಿಯಲಾರದು. ತಮಿಳು ಲಿಪಿಯಲ್ಲಿ ಕ–ಗ, ತ–ದ, ಪ–ಬ ಜೋಡಿಗಳಿಗೆ ಒಂದೊಂದೇ ಅಕ್ಷರ. ಆದ್ದರಿಂದ ‘ಕುರಿ’ಗೂ ‘ಗುರಿ’ಗೂ ಬರಹದಲ್ಲಿ ಭೇದವಿಲ್ಲ; ‘ಗಾಳಿ’ ಎಂದು ಬರೆದದ್ದು ‘ಕಾಳಿ’ಯೂ ಆಗಬಹುದು. ರೋಮನ್ ಬರಹ ಈ ತೊಡಕನ್ನು ನೀಗುತ್ತದೆ, ಆದರೆ ಅವಸರದ ಸಂದೇಶದಲ್ಲಿ ‘ಹಾಲು’ ಮತ್ತು ‘ಹಾಳು’ ಒಂದೇ ಆಗುತ್ತವೆ. ಮನೆಯವರು ಸಂದರ್ಭದಿಂದ ತಿಳಿದುಕೊಳ್ಳುತ್ತಾರೆ. ಹೊರಗಿನ ಕನ್ನಡಿಗನು ಎಡವುತ್ತಾನೆ. ಇಂಥ ಬರಹದಲ್ಲಿ ತಮಿಳು ಪದಗಳು ಧಾರಾಳವಾಗಿ ಬೆರೆತಿರುವುದನ್ನು ಭಾಷಾನಾಶವೆಂದು ಭಾವಿಸಬೇಕಿಲ್ಲ. ಗೆಳೆಯನನ್ನು ಕರೆಯುವ ‘ಮಚ್ಚಿ’ ಬೆಂಗಳೂರಿನ ಹುಡುಗರ ಬಾಯಲ್ಲೂ ಇದೆ.

ನಷ್ಟ ಬೇರೆಡೆಯಿದೆ. ಉದ್ಯೋಗಕ್ಕಾಗಿ ಬೆಂಗಳೂರು ಸೇರಿದ ತರುಣಿ ಅಲ್ಲಿ ಕನ್ನಡ ಮಾತನಾಡಬಲ್ಲಳು, ಬಸ್ಸಿನ ಕನ್ನಡ ಫಲಕವನ್ನು ಓದಲಾರಳು.

ಇಂಡೋನೇಷ್ಯಾದ ಜಾವಾದಲ್ಲಿ ಹೋಲಿಕೆಗೆ ತಕ್ಕ ಉದಾಹರಣೆಯುಂಟು. ಜಾವಾನೀಸ್ ಭಾಷೆಗೆ ಸ್ವಂತ ಲಿಪಿಯಿದ್ದರೂ ದಿನಬಳಕೆಯ ಬರಹ ರೋಮನ್ ಲಿಪಿಯಲ್ಲಿ ನಡೆಯುತ್ತದೆ. 2020ರಲ್ಲಿ ನಿಧನರಾದ ಗಾಯಕ ದಿದಿ ಕೆಂಪೊಟ್ ಅವರ ಜಾವಾನೀಸ್ ಹಾಡುಗಳಿಗೆ ಅಲ್ಲಿಯ ಯುವಜನರು ಮುಗಿಬಿದ್ದರು. ಅವರ ಮೂಲಕ ಹಳ್ಳಿಮಾತು ಹೊಸ ಗೌರವ ಪಡೆಯಿತು. ಆದರೆ ಮಧ್ಯ ಜಾವಾದ ಶಾಲೆಗಳಲ್ಲಿ ಆ ಭಾಷೆ ಪಾಠವೂ ಹೌದು. ಸೇಲಂನ ಹುಡುಗನಿಗೆ ಶಾಲೆಯ ಆ ಆಸರೆಯಿಲ್ಲ. ರೋಮನ್‌ನಲ್ಲಿ ಬೆರಳಚ್ಚಿಸಿದ್ದನ್ನು ಕನ್ನಡಕ್ಕೆ ತಿರುಗಿಸುವ ಕೀಲಿಮಣೆ ಅವನ ಕೈಯಲ್ಲಿದೆ. ಅದು ‘ಹಾಲು’, ‘ಹಾಳು’ ಎರಡನ್ನೂ ತೋರಿಸುತ್ತದೆ; ಓದಲು ಬಾರದವನು ಯಾವುದನ್ನು ಆರಿಸಬೇಕು?