‘ನಮ್ಮನ್ನು ಏನಾದರೂ ಕೇಳೋದಿದೆಯಾ?’

ಗಿಂಡಿ ಎಂದರೆ ನಮ್ಮ ತಿಪಟೂರಿನ ಮನೆಯಲ್ಲಿ ಪೂಜೆಗೆ ನೀರು ತುಂಬಿಡುವ ಮೂತಿಯ ಪಾತ್ರೆ. ‘ಗಿಂಡೀಲಿ ಇಂಟರ್‌ವ್ಯೂ ಇದೆ ಅಜ್ಜಿ’ ಎಂದಾಗ ಅಜ್ಜಿ ಜೋರಾಗಿ ನಕ್ಕಿದ್ದರು. ನಾನು ನಗುವ ಸ್ಥಿತಿಯಲ್ಲಿ ಇರಲಿಲ್ಲ. ಬೆಂಗಳೂರಿನ ಕಂಪನಿ ನಮ್ಮ ಇಡೀ ಟೀಮನ್ನು ಮನೆಗೆ ಕಳಿಸಿ ಮೂರು ತಿಂಗಳಾಗಿತ್ತು. ಮನೆ ಸಾಲದ ಕಂತು ಮಾತ್ರ ಪ್ರತಿ ತಿಂಗಳು ಐದನೇ ತಾರೀಖು ತಪ್ಪದೆ ಬರುತ್ತಿತ್ತು.

ಅಷ್ಟರಲ್ಲಿ ನಾಲ್ಕು ಇಂಟರ್‌ವ್ಯೂ ಕೊಟ್ಟಿದ್ದೆ. ನಾಲ್ಕರಲ್ಲೂ ಕೊನೆಯ ಪ್ರಶ್ನೆ ಒಂದೇ: ‘ನಮ್ಮನ್ನು ಏನಾದರೂ ಕೇಳೋದಿದೆಯಾ?’ ನಾಲ್ಕರಲ್ಲೂ ನನ್ನ ಉತ್ತರವೂ ಒಂದೇ: ‘ಇಲ್ಲ ಸಾರ್, ಥ್ಯಾಂಕ್ಯೂ.’ ಅದನ್ನು ನಾನು ಮರ್ಯಾದೆ ಎಂದೇ ನಂಬಿದ್ದೆ. ದೊಡ್ಡವರು ಮಾತು ಮುಗಿಸಿದ ಮೇಲೆ ಮತ್ತೆ ಕೆದಕಬಾರದು ಎಂದು ಹೇಳಿಸಿಕೊಂಡೇ ಬೆಳೆದವರು ನಾವು. ಎಂಟೆಕ್ ವೈವಾದಲ್ಲಿ ಪರೀಕ್ಷಕರು ‘ಆಯ್ತು, ಹೋಗಪ್ಪ’ ಎಂದರೆ, ಬದುಕಿದೆಯಾ ಬಡಜೀವವೇ ಎಂದು ಹೊರಗೆ ಓಡುತ್ತಿದ್ದೆವು.

ಐದನೆಯದು ಗಿಂಡಿಯದು. ರಾತ್ರಿ ರೈಲಿನಲ್ಲಿ ಹೊರಟು ಬೆಳಿಗ್ಗೆ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದು, ಎದುರಿನ ಪಾರ್ಕ್ ಸ್ಟೇಷನ್‌ನಲ್ಲಿ ತಾಂಬರಂ ಲೋಕಲ್ ಹತ್ತಿದೆ. ಗಿಂಡಿಯಲ್ಲಿ ಇಳಿಯುವಷ್ಟರಲ್ಲಿ ಇಸ್ತ್ರಿ ಮಾಡಿದ ಅಂಗಿ ಬೆನ್ನಿಗೆ ಅಂಟಿತ್ತು. ಇದು ವಿಚಿತ್ರ ಊರು. ಒಂದು ಕಡೆ ರಾಜ್ಯಪಾಲರ ನಿವಾಸ ಮತ್ತು ಜಿಂಕೆಗಳಿರುವ ಕಾಡು, ಇನ್ನೊಂದು ಕಡೆ 1958ರಲ್ಲಿ ಶುರುವಾದ ಕೈಗಾರಿಕಾ ವಸಾಹತು. ಲೇತ್ ಮೆಷಿನ್ನಿನ ಸದ್ದು ಕೇಳುವ ಬೀದಿಯಲ್ಲೇ ನಾನು ಹೋಗಬೇಕಿದ್ದ ಗಾಜಿನ ಕಟ್ಟಡವಿತ್ತು.

ಒಳಗೆ ಇಬ್ಬರು ಕುಳಿತಿದ್ದರು: ಐವತ್ತರ ಆಸುಪಾಸಿನ ಮೇಡಂ, ಜೊತೆಗೆ ನನಗಿಂತ ಚಿಕ್ಕವನಂತೆ ಕಂಡ ಹುಡುಗ. ಬಸ್ ಟಿಕೆಟ್ ಮಾರುವ ವ್ಯವಸ್ಥೆ, ಒಂದೇ ಸೀಟಿಗೆ ಇಬ್ಬರು ಒಂದೇ ಕ್ಷಣದಲ್ಲಿ ಬಟನ್ ಒತ್ತಿದರೆ ಏನು ಮಾಡುತ್ತೀರಿ ಎಂದು ಕೇಳಿದರು. ಸೀಟು ಖಾಲಿ ಇದೆಯೇ ನೋಡುತ್ತೇನೆ, ಇದ್ದರೆ ಹೆಸರು ಬರೆಯುತ್ತೇನೆ ಎಂದೆ. ಮೇಡಂ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಹತ್ತು ನಿಮಿಷದ ನಂತರ ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಇನ್ನೊಬ್ಬ ನುಗ್ಗಬಹುದಲ್ಲ! ಬಿ.ಇ. ಹುಡುಗರಿಗೂ ಗೊತ್ತಿರುವ ತಪ್ಪು ಅದು.

ಕೊನೆಗೆ ಆ ಮಾಮೂಲಿ ಪ್ರಶ್ನೆ ಬಂತು. ‘ಇಲ್ಲ ಮೇಡಂ’ ನಾಲಿಗೆಯ ತುದಿಯಲ್ಲೇ ಇತ್ತು. ಕಂತು ನೆನಪಾಯಿತು.

‘ಕೇಳೋದಿದೆ. ಅದಕ್ಕೆ ಮೊದಲು ಆ ಸೀಟಿನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪು, ತಿದ್ದಬಹುದಾ?’ ಎಂದೆ. ನಮ್ಮೂರ ಬಸ್ ಸ್ಟ್ಯಾಂಡಿನ ಕಥೆ ಹೇಳಿದೆ. ಕಿಟಕಿಯಲ್ಲಿ ಖಾಲಿ ಸೀಟು ನೋಡಿ, ಸುತ್ತು ಹಾಕಿ ಬಾಗಿಲಿಂದ ಹತ್ತುವಷ್ಟರಲ್ಲಿ ಅಲ್ಲಿ ಬೇರೊಬ್ಬರು ಕೂತಿರುತ್ತಾರೆ. ಬುದ್ಧಿವಂತ ಕಿಟಕಿಯಿಂದಲೇ ಟವೆಲ್ ಹಾಕುತ್ತಾನೆ. ಡೇಟಾಬೇಸಿಗೂ ಹಾಗೆಯೇ ಹೇಳಬೇಕು, ‘ಖಾಲಿ ಇದ್ದರೆ ಮಾತ್ರ ಈ ಹೆಸರು ಬರೆ’ ಎಂದು, ನೋಡುವುದು ಹಿಡಿಯುವುದು ಎರಡೂ ಒಂದೇ ಏಟಿಗೆ. ಮೇಡಂ ನಕ್ಕು, ‘ನಮ್ಮ ಕಡೆ ಕರ್ಚೀಫ್’ ಎಂದರು.

ಆಮೇಲೆ ಕೇಳಿದೆ: ಈ ಕೆಲಸಕ್ಕೆ ಬರುವವರು ಮೊದಲ ಆರು ತಿಂಗಳಲ್ಲಿ ಬಿಡಿಸಬೇಕಾದ, ನಿಮ್ಮ ನಿದ್ದೆ ಕೆಡಿಸಿರುವ ಸಮಸ್ಯೆ ಯಾವುದು? ಹಣ ಕಡಿತವಾಗಿ ಟಿಕೆಟ್ ಸಿಗದ ಗ್ರಾಹಕರ ಗೋಳನ್ನು ಇಬ್ಬರೂ ಹತ್ತು ನಿಮಿಷ ಹೇಳಿಕೊಂಡರು. ಹಳೆಯ ಕಂಪನಿಯಲ್ಲಿ ಅಂಥದ್ದೇ ಒಂದು ಗೋಜಲನ್ನು ಬಿಡಿಸಿದ್ದೆ, ಅದನ್ನು ಎರಡೇ ಮಾತಿನಲ್ಲಿ ಹೇಳಿದೆ. ಏಳುವಾಗ ‘ಪೋಯಿಟ್ಟು ವರೇನ್’ ಎಂದೆ. ಆಗ ನನಗೆ ಬರುತ್ತಿದ್ದ ಏಕೈಕ ತಮಿಳು ವಾಕ್ಯ. ನಮ್ಮ ‘ಹೋಗಿ ಬರ್ತೀನಿ’ಯ ತದ್ರೂಪು ಅದು, ಆದ್ದರಿಂದ ಕಲಿಯಲು ಕಷ್ಟವಾಗಿರಲಿಲ್ಲ.

ಆರು ವರ್ಷವಾಯಿತು. ಈಗ ಅದೇ ಮೇಜಿನ ಆಚೆ ಬದಿಯಲ್ಲಿ ಕೂರುತ್ತೇನೆ. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಕಾನ್‌ಮನ್ 1955ರಲ್ಲಿ, 21ನೇ ವಯಸ್ಸಿನಲ್ಲಿ, ಇಸ್ರೇಲ್ ಸೇನೆಗೆ ಸಂದರ್ಶನದ ಪದ್ಧತಿಯೊಂದನ್ನು ರೂಪಿಸಿದ್ದರು. ಆರು ಗುಣಗಳಿಗೆ ಬೇರೆಬೇರೆಯಾಗಿ ಅಂಕ ಕೊಡಬೇಕು. ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಎಂದು ಸಂದರ್ಶಕರು ಗೊಣಗಿದಾಗ, ಎಲ್ಲ ಅಂಕ ಹಾಕಿದ ಮೇಲೆ ಕಣ್ಣು ಮುಚ್ಚಿ, ಈ ಹುಡುಗನನ್ನು ಸೈನಿಕನಾಗಿ ಕಲ್ಪಿಸಿಕೊಂಡು ಇನ್ನೊಂದು ಅಂಕ ಕೊಡಿ ಎಂದರು. ಆ ಕೊನೆಯ ಅಂಕವೂ ಆರರ ಮೊತ್ತದಷ್ಟೇ ಉಪಯುಕ್ತವಾಯಿತಂತೆ. ನಾನೂ ಫಾರಂ ತುಂಬಿ ಕಣ್ಣು ಮುಚ್ಚುತ್ತೇನೆ. ಹೆಚ್ಚಾಗಿ ಕಾಣುವುದು ಕೊನೆಯ ಐದು ನಿಮಿಷ.

ಕೋಡ್ ಬರೆಯಲು ಬಾರದವರನ್ನು ಆ ಐದು ನಿಮಿಷ ಉಳಿಸುವುದಿಲ್ಲ. ‘ನಾನು ಹೇಗೆ ಮಾಡಿದೆ ಸಾರ್?’ ಎಂದು ಕೇಳಿದರೆ ನನಗೇ ಮುಜುಗರ. ಸಂಬಳ, ರಜೆಯ ಮಾತು ಎಚ್‌ಆರ್ ಹತ್ತಿರ ಆಡಿದರೆ ಚೆಂದ. ಉರು ಹೊಡೆದು ತಂದ ಪ್ರಶ್ನೆ ಎರಡನೇ ಪದಕ್ಕೇ ಗೊತ್ತಾಗುತ್ತದೆ. ಆದರೆ ಫಲಿತಾಂಶ ಎಂದು ತಿಳಿಯಬಹುದು ಎಂದು ಧಾರಾಳವಾಗಿ ಕೇಳಿ. ಅದು ಬೇಡುವುದಲ್ಲ. ಸಂಜೆಯೊಳಗೆ ಎರಡು ಸಾಲಿನ ಮೇಲ್ ಕಳಿಸಿದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಹೋದ ತಿಂಗಳು ವಿಡಿಯೊ ಕಾಲ್‌ನಲ್ಲಿ ಕಲಬುರಗಿ ಕಡೆಯ ಹುಡುಗನೊಬ್ಬ ಬಂದಿದ್ದ. ಅವನ ಇಂಗ್ಲಿಷಿನಲ್ಲೇ ಊರು ಕೇಳಿಸುತ್ತಿತ್ತು. ಮೂರನೇ ಪ್ರಶ್ನೆಯಲ್ಲಿ ಎಡವಿದ್ದ. ಕೊನೆಗೆ ಏನಾದರೂ ಕೇಳೋದಿದೆಯಾ ಎಂದೆ. ‘ನೋ ಸರ್, ಥ್ಯಾಂಕ್ಯೂ’ ಎಂದ. ಈಗ ಎಲ್ಲರಿಗೂ ಹೇಳುವ ಮಾತನ್ನೇ ಅವನಿಗೂ ಹೇಳಿದೆ: ಇನ್ನೂ ಐದು ನಿಮಿಷ ಇದೆ, ಅವಸರ ಇಲ್ಲ. ಅವನು ಪರದೆಯಿಂದ ಕಣ್ಣು ತೆಗೆದು ಒಂದಿಷ್ಟು ಹೊತ್ತು ಸುಮ್ಮನಿದ್ದ. ಆಮೇಲೆ, ‘ಸರ್, ಆ ಥರ್ಡ್ ಕ್ವೆಶ್ಚನ್...’ ಎಂದು ಶುರು ಮಾಡಿದ. ನಾನು ಮುಚ್ಚಿಟ್ಟಿದ್ದ ಪೆನ್ನಿನ ಕ್ಯಾಪ್ ಮತ್ತೆ ತೆಗೆದೆ.